ಅಸೋಸಿಯೇಟ್ ಪದವಿಯ ಯೂನಿಟ್‌ಗಳು ಬ್ಯಾಚುಲರ್ ಪದವಿಗೆ ಎಷ್ಟು ಲೆಕ್ಕಕ್ಕೆ ಬರುತ್ತವೆ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಮಗಳು 2024ರ ಫಾಲ್‌ನಲ್ಲಿ ಸೆಮಿಸ್ಟರ್ ಪದ್ಧತಿಯ ಕಮ್ಯುನಿಟಿ ಕಾಲೇಜಿಗೆ ಸೇರಿದಳು, ಕಂಪ್ಯೂಟರ್ ಸೈನ್ಸ್. ಈವರೆಗೆ 48 ಯೂನಿಟ್ ಮುಗಿದಿವೆ, ಜೊತೆಗೆ ಹೈಸ್ಕೂಲಿನ ಎರಡು ಎಪಿ (ಕಾಲೇಜು ಮಟ್ಟದ) ಪರೀಕ್ಷೆಗಳಿವೆ. 60 ಯೂನಿಟ್ ಮುಗಿಸಿ ಅಸೋಸಿಯೇಟ್ ಎಂಬ ಎರಡು ವರ್ಷದ ಪದವಿ ತೆಗೆದುಕೊಂಡರೆ ಯಾವ ಯೂನಿವರ್ಸಿಟಿಯಲ್ಲಾದರೂ ನೇರವಾಗಿ ಮೂರನೇ ವರ್ಷಕ್ಕೆ ಸೇರಬಹುದು ಎಂದು ಕೆಲವರು ಹೇಳುತ್ತಾರೆ. ಆದರೆ ಪರಿಚಿತರ ಮಗ ಹಾಗೆಯೇ ಹೋಗಿ, ಮತ್ತೆ ಮೂರು ವರ್ಷ ಓದಬೇಕಾಯಿತು. ಅವಳಿಗೆ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್‌ಗಳ ಆಸೆ. ಸ್ಯಾನ್ ಹೋಸೆ ಸ್ಟೇಟ್ ಆದರೂ ಸಂತೋಷವೇ. ನಾವು ಎಚ್-1ಬಿ ಉದ್ಯೋಗ ವೀಸಾದಲ್ಲಿದ್ದೇವೆ, ಅವಳು ಅವಲಂಬಿತರ ಎಚ್-4ನಲ್ಲಿ. ಮುಂದಿನ ವರ್ಷ ಅವಳಿಗೆ 21 ತುಂಬುತ್ತದೆ. ಏನನ್ನು ಮೊದಲು ನೋಡಬೇಕು?

ಉತ್ತರ: ಪರಿಚಿತರ ಮಗನಿಗೆ ಆಗಿದ್ದು ಅಪರೂಪದ ಸಂಗತಿಯಲ್ಲ. 2004ರಿಂದ 2009ರ ನಡುವೆ ಕಾಲೇಜು ಬದಲಿಸಿದ ವಿದ್ಯಾರ್ಥಿಗಳು ಸರಾಸರಿ 43 ಶೇಕಡಾ ಕ್ರೆಡಿಟ್ ಕಳೆದುಕೊಂಡರು ಎಂದು ಅಮೆರಿಕದ ಸರ್ಕಾರಿ ಲೆಕ್ಕಪತ್ರ ಸಂಸ್ಥೆಯಾದ ಜಿಎಒ 2017ರಲ್ಲಿ ಅಂದಾಜಿಸಿತ್ತು. ಅದರಲ್ಲಿ ಎಲ್ಲ ಬಗೆಯ ಕಾಲೇಜುಗಳೂ ಸೇರಿವೆ. ಕ್ಯಾಲಿಫೋರ್ನಿಯಾದ ಸರ್ಕಾರಿ ಕಾಲೇಜುಗಳ ನಡುವಿನ ದಾರಿ ಅದಕ್ಕಿಂತ ಬಹಳ ಸಲೀಸು. ಆದರೂ ಇಲ್ಲಿ ಎಡವುವವರು ಹೆಚ್ಚಾಗಿ ಒಂದೇ ಕಾರಣಕ್ಕೆ ಎಡವುತ್ತಾರೆ: ಪದವಿ ಇಡಿಯಾಗಿ ದಾಟಿಹೋಗುತ್ತದೆ ಎಂದು ನಂಬಿರುತ್ತಾರೆ. ದಾಟುವುದು ಕೋರ್ಸ್‌ಗಳು, ಅದೂ ಒಂದೊಂದಾಗಿ.

ಪ್ರತಿ ಕೋರ್ಸ್‌ಗೂ ಯೂನಿವರ್ಸಿಟಿಯಲ್ಲಿ ಮೂರು ಪ್ರಶ್ನೆ ಎದುರಾಗುತ್ತವೆ. ಇದರ ಯೂನಿಟ್‌ಗಳನ್ನು ಒಟ್ಟು ಮೊತ್ತಕ್ಕೆ ಸೇರಿಸಬಹುದೇ? ಎಲ್ಲ ವಿದ್ಯಾರ್ಥಿಗಳೂ ಓದಬೇಕಾದ ಜನರಲ್ ಎಜುಕೇಶನ್‌ನ (ಜಿಇ) ಯಾವುದಾದರೂ ಖಾನೆ ತುಂಬುತ್ತದೆಯೇ? ಮೇಜರ್‌ಗೆ, ಅಂದರೆ ಮುಖ್ಯ ವಿಷಯಕ್ಕೆ, ಬೇಕಾದ ಯಾವುದಾದರೂ ಕೋರ್ಸ್‌ಗೆ ಇದು ಸಮವೇ? ಮೊದಲನೆಯದಕ್ಕೆ ಮಾತ್ರ ‘ಹೌದು’ ಎಂಬ ಉತ್ತರ ಬಂದರೆ ಆ ಕೋರ್ಸ್ ಎಲೆಕ್ಟಿವ್ ಎಂಬ ಖಾನೆಗೆ ಹೋಗಿ ಕೂರುತ್ತದೆ. ಯೂನಿಟ್ ಸ್ವೀಕಾರವಾಗಿದೆ ಎಂದು ಪತ್ರದಲ್ಲಿ ಬರೆದಿರುತ್ತದೆ, ಮನೆಯವರಿಗೆ ಸಮಾಧಾನವೂ ಆಗುತ್ತದೆ. ಆದರೆ ಪದವಿ ಮುಗಿಸಲು ಬೇಕಾದ ಕೋರ್ಸ್‌ಗಳಲ್ಲಿ ಒಂದೂ ಕಡಿಮೆಯಾಗಿರುವುದಿಲ್ಲ. 60 ಯೂನಿಟ್ ಒಪ್ಪಿಸಿಕೊಂಡೂ ಮೂರು ವರ್ಷ ಓದಬೇಕಾಗುವುದು ಹೀಗೆ. ಕಂಪ್ಯೂಟರ್ ಸೈನ್ಸ್‌ನಲ್ಲಿ ಇದು ಇನ್ನೂ ಬಿಗಿ, ಏಕೆಂದರೆ ಕೋರ್ಸ್‌ಗಳು ಸರಪಳಿಯಂತೆ ಒಂದರ ಮೇಲೊಂದು ನಿಂತಿವೆ. ಕೆಳಗಿನ ಒಂದು ಕೊಂಡಿ ಇಲ್ಲದಿದ್ದರೆ ಮೇಲಿನ ಮೂರು ಕೋರ್ಸ್‌ಗಳಿಗೆ ಹೆಸರು ನೋಂದಾಯಿಸಲು ಆಗುವುದಿಲ್ಲ.

ಇನ್ನು ಅವಳು ತೆಗೆದುಕೊಳ್ಳುತ್ತಿರುವುದು ಯಾವ ಅಸೋಸಿಯೇಟ್ ಪದವಿ ಎಂಬುದನ್ನು ಖಚಿತಪಡಿಸಿಕೊಳ್ಳಿ. ಬರೀ ಎಎಸ್ (ಅಸೋಸಿಯೇಟ್ ಇನ್ ಸೈನ್ಸ್) ಎಂದಿದ್ದರೆ ಅದು ಆ ಕಾಲೇಜಿನ ಸ್ವಂತ ಪದವಿ. ಅದರ ಬೆನ್ನಿಗೆ ಯಾವ ಪ್ರವೇಶದ ಭರವಸೆಯೂ ಇಲ್ಲ. ಎಎಸ್-ಟಿ ಎಂದಿದ್ದರೆ, ಅಂದರೆ ಹೆಸರಿನ ಕೊನೆಗೆ ‘ಟ್ರಾನ್ಸ್‌ಫರ್’ ಸೇರಿದ್ದರೆ, 2010ರ ಎಸ್‌ಬಿ 1440 ಕಾನೂನು ಅನ್ವಯಿಸುತ್ತದೆ. 60 ಸೆಮಿಸ್ಟರ್ ಯೂನಿಟ್ ಮತ್ತು ಕನಿಷ್ಠ 2.0 ಜಿಪಿಎ (ದರ್ಜೆಗಳ ಸರಾಸರಿ) ಇದ್ದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ (ಸಿಎಸ್‌ಯು) ವ್ಯವಸ್ಥೆಯಲ್ಲಿ ಎಲ್ಲಾದರೂ ಒಂದು ಕಡೆ ಜೂನಿಯರ್ (ಮೂರನೇ ವರ್ಷದವರು) ಆಗಿ ಸೀಟು ಸಿಗಲೇಬೇಕು. ‘ಸಮಾನ’ ಎಂದು ಗುರುತಿಸಿದ ಮೇಜರ್‌ಗೆ ಸೇರಿದರೆ ಇನ್ನು 60 ಯೂನಿಟ್‌ಗಿಂತ ಹೆಚ್ಚು ಓದಿಸುವಂತಿಲ್ಲ. ಈ ಭರವಸೆ ಇಡೀ ವ್ಯವಸ್ಥೆಗೆ. ಇಂಥದೇ ಕ್ಯಾಂಪಸ್, ಇಂಥದೇ ಮೇಜರ್ ಎಂಬುದಕ್ಕೆ ಅಲ್ಲ. ಇದೇ ವ್ಯವಸ್ಥೆಯ ಸ್ಯಾನ್ ಹೋಸೆ ಸ್ಟೇಟ್‌ಗೆ ಸೀಟಿಗಿಂತ ಅರ್ಜಿಗಳೇ ಹೆಚ್ಚು, ಅದರಲ್ಲೂ ಕಂಪ್ಯೂಟರ್ ಸೈನ್ಸ್‌ಗೆ. ಅಲ್ಲಿ 2.0 ಹಿಡಿದುಕೊಂಡು ನಿಂತರೆ ಕೆಲಸವಾಗದು. ಹೇವರ್ಡ್‌ನಲ್ಲಿರುವ ಸಿಎಸ್‌ಯು ಈಸ್ಟ್ ಬೇ ನಿಮ್ಮ ಮನೆಗೂ ಹತ್ತಿರ. ಅರ್ಜಿಯಲ್ಲಿ ಅದನ್ನೂ ಸೇರಿಸಿ.

ಯುಸಿ ವಿಷಯ ಬೇರೆಯೇ. ಮೇಲೆ ಹೇಳಿದ ಕಾನೂನಿನ ಭರವಸೆ ಸಿಎಸ್‌ಯುಗೆ ಸಂಬಂಧಿಸಿದ್ದು. ಯುಸಿ ನೋಡುವುದು ಮೂರನ್ನು: 60 ಸೆಮಿಸ್ಟರ್ ಯೂನಿಟ್, ನಿಗದಿತ ಏಳು ಕೋರ್ಸ್‌ಗಳು (ಇಂಗ್ಲಿಷ್ ರಚನೆ ಎರಡು, ಗಣಿತ ಒಂದು, ಉಳಿದ ವಿಷಯಗಳಿಂದ ನಾಲ್ಕು), ಮತ್ತು ಆ ಮೇಜರ್‌ಗೆ ಬೇಕಾದ ಪೂರ್ವಸಿದ್ಧತೆ. ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಕನಿಷ್ಠ ಜಿಪಿಎ 2.4, ಉಳಿದವರಿಗೆ 2.8. ಇವು ಅರ್ಜಿ ಹಾಕುವ ಅರ್ಹತೆ ಮಾತ್ರ. ಕಂಪ್ಯೂಟರ್ ಸೈನ್ಸ್‌ಗೆ ಆಯ್ಕೆಯಾಗುವವರ ಅಂಕಗಳು ಇದಕ್ಕಿಂತ ಬಹಳ ಮೇಲಿರುತ್ತವೆ.

ಅವಳ ಗೊಂದಲದ ಮೂಲ ಇಲ್ಲೇ ಇರಬಹುದು. ಕಂಪ್ಯೂಟರ್ ಸೈನ್ಸ್ ಎಎಸ್-ಟಿಯ ತಿರುಳು ಸುಮಾರು 28 ಯೂನಿಟ್: ಎರಡು ಪ್ರೋಗ್ರಾಮಿಂಗ್ ಕೋರ್ಸ್, ಕಂಪ್ಯೂಟರ್ ಆರ್ಕಿಟೆಕ್ಚರ್, ಡಿಸ್ಕ್ರೀಟ್ ಸ್ಟ್ರಕ್ಚರ್ಸ್, ಎರಡು ಕ್ಯಾಲ್ಕುಲಸ್, ಅದರ ಜೊತೆ ವಿಜ್ಞಾನ. ಗಣಿತ ಎರಡನೇ ಕ್ಯಾಲ್ಕುಲಸ್‌ಗೇ ನಿಂತುಬಿಡುತ್ತದೆ. ಆದರೆ ಯುಸಿಯ ಹಲವು ಕ್ಯಾಂಪಸ್‌ಗಳು ಲೀನಿಯರ್ ಆಲ್ಜೀಬ್ರಾ, ಮಲ್ಟಿವೇರಿಯಬಲ್ ಕ್ಯಾಲ್ಕುಲಸ್ ಕೂಡ ಕೇಳುತ್ತವೆ. ಇನ್ನೊಂದು ಕಡೆ, ಎಎಸ್-ಟಿಗೆ ಜನರಲ್ ಎಜುಕೇಶನ್ ಪೂರ್ತಿ ಮುಗಿಸಲೇಬೇಕು; ಯುಸಿಯ ಎಂಜಿನಿಯರಿಂಗ್ ಮತ್ತು ವಿಜ್ಞಾನ ವಿಭಾಗಗಳಿಗೆ ಮೇಜರ್ ಪೂರ್ವಸಿದ್ಧತೆಯೇ ಮೊದಲು, ಜಿಇಯಲ್ಲಿ ಉಳಿದದ್ದನ್ನು ಅಲ್ಲಿಗೆ ಹೋದ ಮೇಲೂ ಮುಗಿಸಬಹುದು. ಎರಡು ದೋಣಿಯಲ್ಲಿ ಕಾಲಿಡುವ ವಿದ್ಯಾರ್ಥಿಗೆ ಸಮಯ ಸಾಲದೆ ಹೋಗುವುದು ಇಲ್ಲಿ. ನಮ್ಮ ಅಭಿಪ್ರಾಯ ಸ್ಪಷ್ಟ: ಒಂದು ಸೆಮಿಸ್ಟರ್‌ನಲ್ಲಿ ಲೀನಿಯರ್ ಆಲ್ಜೀಬ್ರಾ ಮತ್ತು ಇನ್ನೊಂದು ಕಲಾ ಕೋರ್ಸ್ ಇವೆರಡರಲ್ಲಿ ಒಂದಕ್ಕೆ ಮಾತ್ರ ಜಾಗವಿದ್ದರೆ, ಯುಸಿ ಮೊದಲ ಗುರಿಯಾಗಿರುವವರು ಲೀನಿಯರ್ ಆಲ್ಜೀಬ್ರಾ ತೆಗೆದುಕೊಳ್ಳಬೇಕು. ಬಿಟ್ಟ ಕಲಾ ಕೋರ್ಸನ್ನು ಬೇಸಿಗೆಯಲ್ಲಿ ಮುಗಿಸಬಹುದು. ಆದರೆ ಫಾಲ್ ಪ್ರವೇಶಕ್ಕೆ ಬೇಕಾದ ಮುಖ್ಯ ಕೋರ್ಸ್‌ಗಳು ಅದರ ಹಿಂದಿನ ಸ್ಪ್ರಿಂಗ್‌ಗೇ ಮುಗಿದಿರಬೇಕು. ಕೊನೆಯ ಬೇಸಿಗೆಯನ್ನು ನಂಬಿ ಕೂರಬೇಡಿ.

ಯಾವ ಕೋರ್ಸ್ ಯಾವುದಕ್ಕೆ ಸಮ ಎಂದು ತಿಳಿಯಲು ಊರವರ ಮಾತು ಬೇಡ. ಅಸಿಸ್ಟ್ ಎಂಬ ಸರ್ಕಾರಿ ಜಾಲತಾಣವಿದೆ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳು, ಸಿಎಸ್‌ಯು, ಯುಸಿ ನಡುವಿನ ಅಧಿಕೃತ ಒಪ್ಪಂದಗಳೆಲ್ಲ ಅಲ್ಲಿವೆ. ಶೈಕ್ಷಣಿಕ ವರ್ಷ, ಅವಳ ಕಾಲೇಜು, ಹೋಗಬೇಕೆಂದಿರುವ ಯೂನಿವರ್ಸಿಟಿ, ಕೊನೆಗೆ ಮೇಜರ್ ಆರಿಸಿದರೆ ಎಡಗಡೆ ಯೂನಿವರ್ಸಿಟಿಯ ಕೋರ್ಸ್, ಬಲಗಡೆ ಅವಳ ಕಾಲೇಜಿನ ಸಮಾನ ಕೋರ್ಸ್ ಬರುತ್ತದೆ. ಓದುವಾಗ ಎರಡು ಪುಟ್ಟ ಪದಗಳ ಮೇಲೆ ಕಣ್ಣಿಡಿ: ‘ಆ್ಯಂಡ್’ ಮತ್ತು ‘ಆರ್’. ‘ಆ್ಯಂಡ್’ ಇದ್ದರೆ ಎರಡೂ ಕೋರ್ಸ್ ಮುಗಿಸಿದರೆ ಮಾತ್ರ ಅಲ್ಲಿನ ಒಂದು ಕೋರ್ಸ್‌ಗೆ ಸಮ. ಭೌತಶಾಸ್ತ್ರದಲ್ಲಿ ಇದು ಬಹಳ ಸಾಮಾನ್ಯ. ಇಡೀ ಸರಣಿ ಮುಗಿದರೇ ಕ್ರೆಡಿಟ್ ಎಂಬ ಷರತ್ತಿರುತ್ತದೆ. ಬಲಗಡೆ ‘ಸಮಾನ ಕೋರ್ಸ್ ಇಲ್ಲ’ ಎಂದು ಬಂದರೆ ಅಕ್ಕಪಕ್ಕದ ಕಾಲೇಜುಗಳಲ್ಲಿ ಇದೆಯೇ ಎಂದು ಅಲ್ಲೇ ಹುಡುಕಿ, ಆ ಒಂದು ಕೋರ್ಸನ್ನು ಅಲ್ಲಿ ತೆಗೆದುಕೊಳ್ಳಬಹುದು. ಪ್ರೋಗ್ರಾಮಿಂಗ್ ಭಾಷೆಯನ್ನೂ ಗಮನಿಸಿ. ಒಂದು ಕ್ಯಾಂಪಸ್ ಒಪ್ಪುವ ಜಾವಾ ಕೋರ್ಸ್, ಸಿ++ ಕೇಳುವ ಇನ್ನೊಂದು ಕ್ಯಾಂಪಸ್‌ನಲ್ಲಿ ಎಲೆಕ್ಟಿವ್ ಆಗಿಬಿಡಬಹುದು. ನಾಲ್ಕೈದು ಕ್ಯಾಂಪಸ್‌ಗಳ ಒಪ್ಪಂದಗಳನ್ನು ಮುದ್ರಿಸಿ, ಅಡ್ಡಸಾಲಿನಲ್ಲಿ ಕ್ಯಾಂಪಸ್, ಉದ್ದಸಾಲಿನಲ್ಲಿ ಕೋರ್ಸ್ ಬರೆದು ಒಂದು ಹಾಳೆ ಮಾಡಿ. ಎಲ್ಲರೂ ಕೇಳುವ ಕೋರ್ಸ್‌ಗಳು ತಾವಾಗಿಯೇ ಎದ್ದು ಕಾಣುತ್ತವೆ, ಅವುಗಳಿಂದ ಶುರುಮಾಡಬೇಕು. ಕೋರ್ಸ್ ತೆಗೆದುಕೊಂಡ ವರ್ಷದ ಒಪ್ಪಂದವೇ ಲೆಕ್ಕಕ್ಕೆ ಬರುವುದರಿಂದ ಆ ಪುಟಗಳನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ.

ಫ್ರೀಮಾಂಟ್ ಸುತ್ತಮುತ್ತಲಿನವರು ವಿಶೇಷವಾಗಿ ಗಮನಿಸಬೇಕಾದ ಒಂದು ಮಾತು. ಡಿ ಆಂಜಾ ಮತ್ತು ಫುಟ್‌ಹಿಲ್ ಕ್ವಾರ್ಟರ್ ಪದ್ಧತಿಯಲ್ಲಿ ನಡೆಯುತ್ತವೆ, ಉಳಿದ ಹೆಚ್ಚಿನ ಕಾಲೇಜುಗಳು ಸೆಮಿಸ್ಟರ್‌ನಲ್ಲಿ. ಒಂದು ಸೆಮಿಸ್ಟರ್ ಯೂನಿಟ್ ಒಂದೂವರೆ ಕ್ವಾರ್ಟರ್ ಯೂನಿಟ್‌ಗೆ ಸಮ. ಅಂದರೆ 60ರ ಜಾಗದಲ್ಲಿ ಅಲ್ಲಿ 90 ಬೇಕು. ಸೆಮಿಸ್ಟರ್ ಕಾಲೇಜಿನಲ್ಲಿ ಮೂರು ಕೋರ್ಸ್‌ಗಳಲ್ಲಿ ಮುಗಿಯುವ ಕ್ಯಾಲ್ಕುಲಸ್ ಕ್ವಾರ್ಟರ್ ಕಾಲೇಜಿನಲ್ಲಿ ನಾಲ್ಕಾಗಿ ಹಂಚಿಹೋಗಿರುತ್ತದೆ. ಮಧ್ಯದಲ್ಲಿ ಕಾಲೇಜು ಬದಲಿಸಿದರೆ ಎರಡರ ಸಂದಿಯಲ್ಲಿ ಒಂದಷ್ಟು ಪಾಠ ಬಿಟ್ಟುಹೋಗಿ, ಯಾವ ಸರಣಿಯೂ ಪೂರ್ತಿಯಾಗದೆ ಉಳಿಯುತ್ತದೆ. ಶುರುಮಾಡಿದ ಸರಣಿಯನ್ನು ಅದೇ ಕಾಲೇಜಿನಲ್ಲಿ ಮುಗಿಸುವುದೇ ಕ್ಷೇಮ.

ಜನರಲ್ ಎಜುಕೇಶನ್ ನಿಯಮ ಈಚೆಗೆ ಬದಲಾಗಿದೆ. 2021ರ ಎಬಿ 928 ಕಾನೂನಿನಂತೆ, 2025ರ ಫಾಲ್‌ನಿಂದ ಯುಸಿಗೂ ಸಿಎಸ್‌ಯುಗೂ ಒಂದೇ ಮಾದರಿ: ಕ್ಯಾಲ್-ಗೆಟ್‌ಸಿ. ಹನ್ನೊಂದು ಕೋರ್ಸ್, 34 ಸೆಮಿಸ್ಟರ್ ಯೂನಿಟ್, ಪ್ರತಿಯೊಂದರಲ್ಲೂ ಕನಿಷ್ಠ ಸಿ ದರ್ಜೆ. ನಿಮ್ಮ ಮಗಳು 2024ರಲ್ಲೇ ಸೇರಿದ್ದರಿಂದ, ನಡುವೆ ಓದು ನಿಲ್ಲಿಸದಿದ್ದರೆ, ಹಳೆಯ ಐಗೆಟ್‌ಸಿ ಮಾದರಿಯಲ್ಲೇ ಮುಗಿಸುವ ಹಕ್ಕು ಉಳಿದಿರಬಹುದು. ಕೌನ್ಸೆಲರ್ ಹತ್ತಿರ ಇದನ್ನು ಬರಹದಲ್ಲಿ ಪಡೆಯಿರಿ. ವ್ಯತ್ಯಾಸ ಸಣ್ಣದಲ್ಲ. ಉದಾಹರಣೆಗೆ ಮೌಖಿಕ ಸಂವಹನದ ಕೋರ್ಸ್ ಐಗೆಟ್‌ಸಿಯಲ್ಲಿ ಸಿಎಸ್‌ಯುಗೆ ಹೋಗುವವರಿಗೆ ಮಾತ್ರ ಬೇಕಿತ್ತು, ಕ್ಯಾಲ್-ಗೆಟ್‌ಸಿಯಲ್ಲಿ ಎಲ್ಲರಿಗೂ ಬೇಕು. ಸಿಎಸ್‌ಯು ಆಸೆ ಇರುವವರು ಬರವಣಿಗೆ, ಮೌಖಿಕ ಸಂವಹನ, ವಿಮರ್ಶಾತ್ಮಕ ಚಿಂತನೆ, ಗಣಿತ ಈ ನಾಲ್ಕನ್ನು ಮೊದಲೇ ಮುಗಿಸಬೇಕು. ಇವುಗಳಿಲ್ಲದೆ ಅಲ್ಲಿ ಪ್ರವೇಶವೇ ಇಲ್ಲ. ಅಮೆರಿಕದ ಇತಿಹಾಸ ಮತ್ತು ಅಮೆರಿಕದ ಸರ್ಕಾರ ಎಂಬ ಎರಡು ಕೋರ್ಸ್‌ಗಳನ್ನು ಜಿಇ ಖಾನೆಗೇ ಆರಿಸಿಕೊಂಡರೆ ಸಿಎಸ್‌ಯು ಪದವಿಗೆ ಬೇಕಾದ ಇನ್ನೊಂದು ನಿಬಂಧನೆಯೂ ಜೊತೆಯಲ್ಲೇ ತೀರುತ್ತದೆ. ಆರು ಯೂನಿಟ್ ಉಳಿತಾಯ.

ಕೋರ್ಸ್ ಸಂಖ್ಯೆಗಳೂ ಬದಲಾಗುತ್ತಿವೆ. ಎಬಿ 1111 ಕಾನೂನಿನಂತೆ ಎಲ್ಲ ಕಮ್ಯುನಿಟಿ ಕಾಲೇಜುಗಳಲ್ಲೂ ಒಂದೇ ಕೋರ್ಸ್‌ಗೆ ಒಂದೇ ಸಂಖ್ಯೆ ಬರುತ್ತಿದೆ. ಇಂಗ್ಲಿಷ್ ರಚನೆಯ ಮೊದಲ ಕೋರ್ಸ್ ಈಗ ಎಲ್ಲೆಡೆ ಇಂಗ್ಲಿಷ್ ಸಿ1000. ಅವಳು ಹಳೆಯ ಸಂಖ್ಯೆಯಲ್ಲಿ ಈಗಾಗಲೇ ಮುಗಿಸಿದ್ದನ್ನು ಹೊಸ ಸಂಖ್ಯೆ ನೋಡಿ ಬೇರೆ ಕೋರ್ಸ್ ಎಂದುಕೊಂಡು ಮತ್ತೆ ತೆಗೆದುಕೊಂಡರೆ ಆ ಯೂನಿಟ್ ಎಲ್ಲಿಯೂ ಎಣಿಕೆಗೆ ಬರುವುದಿಲ್ಲ.

ಎಪಿ ಅಂಕಗಳ ಬಗ್ಗೆ ತಂದೆ ತಾಯಂದಿರಿಗೆ ವಿಪರೀತ ಭರವಸೆ ಇರುತ್ತದೆ. ಕ್ಯಾಲ್ಕುಲಸ್ ಎಪಿಯಲ್ಲಿ 3 ಬಂದರೆ ಜಿಇಯ ಗಣಿತದ ಖಾನೆ ತುಂಬುತ್ತದೆ. ಆದರೆ ಕಂಪ್ಯೂಟರ್ ಸೈನ್ಸ್ ಮೇಜರ್‌ನ ಮೊದಲ ಕ್ಯಾಲ್ಕುಲಸ್‌ಗೆ ಅದು ಸಮವಾಗಬೇಕಾದರೆ ಹಲವು ಕಡೆ 4 ಅಥವಾ 5 ಬೇಕು. ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಎಪಿ ನಮೂದಾಗಿದೆ ಎಂಬುದು ಯೂನಿವರ್ಸಿಟಿಗೆ ಸಾಲದು. ಎಪಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನಿಂದ ಅಂಕಗಳು ನೇರವಾಗಿ ಪ್ರತಿ ಯೂನಿವರ್ಸಿಟಿಗೂ ಹೋಗಬೇಕು. ಹಾಗೆಯೇ, ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಒಂದೆರಡು ವರ್ಷ ಪದವಿ ಓದಿ ಬಂದು ಇಲ್ಲಿ ಕಮ್ಯುನಿಟಿ ಕಾಲೇಜಿಗೆ ಸೇರುವ ಕನ್ನಡಿಗರೂ ಕೆಲವರಿದ್ದಾರೆ. ಭಾರತದ ಕೋರ್ಸ್‌ಗಳನ್ನು ಐಗೆಟ್‌ಸಿಗೆ ಸೇರಿಸುವಂತಿಲ್ಲ. ಅಮೆರಿಕದ ಮಾನ್ಯತೆ ಇರುವ ಸಂಸ್ಥೆಯ ಕೋರ್ಸ್ ಆಗಿರಬೇಕು. ಅವರು ವಿದೇಶಿ ಮೌಲ್ಯಮಾಪನ ವರದಿಗೆ ಹಣ ಕೊಡುವ ಮೊದಲು ಅದು ಯಾವ ಖಾನೆಗೆ ಉಪಯೋಗ ಎಂದು ಕೇಳಬೇಕು.

70ರ ಮಿತಿ ಎಂಬ ಮಾತೂ ನಿಮ್ಮ ಕಿವಿಗೆ ಬಿದ್ದಿರಬಹುದು. ಕಮ್ಯುನಿಟಿ ಕಾಲೇಜಿನಿಂದ ಯುಸಿಯಾಗಲಿ ಸಿಎಸ್‌ಯುವಾಗಲಿ 70 ಸೆಮಿಸ್ಟರ್ ಯೂನಿಟ್‌ವರೆಗೆ ಮಾತ್ರ ಎಣಿಸುತ್ತವೆ. ಹಾಗೆಂದು 78 ಯೂನಿಟ್ ಮಾಡಿದವರ ಎಂಟು ಯೂನಿಟ್ ವ್ಯರ್ಥವಾಗುವುದಿಲ್ಲ. ಯುಸಿಯಲ್ಲಿ ಆ ಹೆಚ್ಚುವರಿ ಕೋರ್ಸ್‌ಗಳಿಗೆ ವಿಷಯದ ಮನ್ನಣೆ ಉಂಟು: ಯೂನಿಟ್ ಕೂಡುವುದಿಲ್ಲ, ಆದರೆ ಲೀನಿಯರ್ ಆಲ್ಜೀಬ್ರಾ ಮುಗಿದಿದೆ ಎಂಬುದು ಮುಗಿದಿದೆಯೇ. ಎಪಿ ಯೂನಿಟ್‌ಗಳು ಈ ಮಿತಿಯೊಳಗೆ ಬರುವುದೂ ಇಲ್ಲ. ಹಾಗಾಗಿ ಮೇಜರ್‌ಗೆ ಬೇಕಾದ ಕೋರ್ಸನ್ನು 70 ದಾಟುತ್ತದೆಂಬ ಭಯದಿಂದ ಬಿಡಬೇಡಿ. ಇನ್ನೊಂದು ಮಿತಿ ಇದೆ: ಪಾಸ್/ನೋ ಪಾಸ್ ದರ್ಜೆಯಲ್ಲಿ ಯುಸಿಗೆ 14 ಸೆಮಿಸ್ಟರ್ ಯೂನಿಟ್ ಮಾತ್ರ. ಮೇಜರ್ ಕೋರ್ಸ್‌ಗಳಲ್ಲಿ ಆ ಆಯ್ಕೆಯನ್ನೇ ಮುಟ್ಟದಿರುವುದು ಒಳ್ಳೆಯದು.

ದಿನಾಂಕಗಳು. ಯುಸಿಯ ಆರು ಕ್ಯಾಂಪಸ್‌ಗಳಲ್ಲಿ (ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್) ಟ್ಯಾಗ್ ಎಂಬ ಖಾತರಿ ಪ್ರವೇಶವಿದೆ. ಒಬ್ಬರು ಒಂದೇ ಕ್ಯಾಂಪಸ್‌ಗೆ ಹಾಕಬಹುದು, ಸೆಪ್ಟೆಂಬರ್ 1ರಿಂದ 30ರೊಳಗೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಇದರಲ್ಲಿಲ್ಲ. ಕಂಪ್ಯೂಟರ್ ಸೈನ್ಸ್‌ನಂಥ ಬೇಡಿಕೆಯ ಮೇಜರ್‌ಗಳನ್ನು ಹಲವು ಕ್ಯಾಂಪಸ್‌ಗಳು ಟ್ಯಾಗ್‌ನಿಂದ ಹೊರಗಿಟ್ಟಿವೆ, ಆ ವರ್ಷದ ಪಟ್ಟಿ ನೋಡಿಯೇ ಮುಂದುವರಿಯಿರಿ. ಟ್ಯಾಗ್ ಸಿಕ್ಕವರೂ ಮಾಮೂಲಿ ಅರ್ಜಿ ಹಾಕಬೇಕು. ಅಕ್ಟೋಬರ್ 1ರಿಂದ ನವೆಂಬರ್ ಕೊನೆಯವರೆಗೆ ಯುಸಿ ಮತ್ತು ಸಿಎಸ್‌ಯು ಎರಡರ ಕಿಟಕಿಯೂ ತೆರೆದಿರುತ್ತದೆ. ಜನವರಿಯಲ್ಲಿ ಯುಸಿಗೆ ಫಾಲ್‌ನ ಅಂಕ ಮತ್ತು ಸ್ಪ್ರಿಂಗ್‌ನ ಕೋರ್ಸ್ ಪಟ್ಟಿ ಪರಿಷ್ಕರಿಸಿ ಕಳಿಸಬೇಕು. ಇದನ್ನು ಮರೆತು ಅವಕಾಶ ಕಳೆದುಕೊಂಡವರಿದ್ದಾರೆ. ಪ್ರವೇಶ ಪತ್ರ ಬಂದ ಮೇಲೂ ಹೇಳದೆ ಕೇಳದೆ ಒಂದು ಕೋರ್ಸ್ ಬಿಟ್ಟರೆ ಪ್ರವೇಶ ರದ್ದಾಗಬಹುದು. ಓದಿದ ಪ್ರತಿ ಕಾಲೇಜಿನ ಅಂತಿಮ ಟ್ರಾನ್ಸ್‌ಕ್ರಿಪ್ಟ್ ಜುಲೈ 1ರೊಳಗೆ ಯುಸಿ ತಲುಪಬೇಕು, ಬೇಸಿಗೆಯಲ್ಲಿ ಒಂದೇ ಒಂದು ಕೋರ್ಸ್ ಮಾಡಿದ ಕಾಲೇಜಿನದೂ ಸೇರಿ. ಪದವಿಯ ಅರ್ಜಿ ಮತ್ತು ಜಿಇ ಪ್ರಮಾಣೀಕರಣವನ್ನು ಕಾಲೇಜು ತಾನಾಗಿ ಮಾಡುತ್ತದೆಂದು ಕಾಯಬೇಡಿ, ಅವಳೇ ಕೇಳಬೇಕು.

ಇನ್ನು ವೀಸಾ. ಯೂನಿಟ್‌ಗಳಿಗಿಂತ ಇದು ತುರ್ತಾದ್ದು. ಎಚ್-4ನಲ್ಲಿರುವವರು ಕ್ಯಾಲಿಫೋರ್ನಿಯಾ ನಿವಾಸಿಗಳೆಂದು ಸಾಬೀತುಪಡಿಸಬಹುದು, ಆದ್ದರಿಂದಲೇ ಕಮ್ಯುನಿಟಿ ಕಾಲೇಜಿನಲ್ಲಿ ಯೂನಿಟ್‌ಗೆ 46 ಡಾಲರ್ ಶುಲ್ಕ ಸಾಧ್ಯವಾಗಿರುತ್ತದೆ. 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಗ್ರೀನ್ ಕಾರ್ಡ್‌ಗಾಗಿ ಮಕ್ಕಳ ವಯಸ್ಸನ್ನು ರಕ್ಷಿಸುವ ಕಾನೂನನ್ನು ಇದರೊಂದಿಗೆ ಬೆರೆಸಬೇಡಿ. ಅದು ಎಚ್-4 ಅನ್ನು ಮುಂದುವರಿಸುವುದಿಲ್ಲ. ಎಫ್-1 ಎಂಬ ವಿದ್ಯಾರ್ಥಿ ವೀಸಾ ಸ್ಥಿತಿಗೆ ಬದಲಾಯಿಸುವುದಾದರೆ ಅದಕ್ಕೆ ಬೇಕಾದ ಐ-539 ಅರ್ಜಿ ಹುಟ್ಟುಹಬ್ಬಕ್ಕೆ ಮೊದಲೇ ಹೋಗಿರಬೇಕು, ಅದಕ್ಕೆ ಮೊದಲು ಕಾಲೇಜಿನಿಂದ ಐ-20 ಎಂಬ ಪ್ರವೇಶದ ದಾಖಲೆ ಬೇಕು. ಎಫ್-1ನಲ್ಲಿರುವವರು ನಿವಾಸಿ ಶುಲ್ಕಕ್ಕೆ ಅರ್ಹರಾಗುವುದಿಲ್ಲ. ಯುಸಿಯಲ್ಲಿ ಹೊರಗಿನವರಿಗೆ ಹೆಚ್ಚುವರಿ ಶುಲ್ಕವೇ ವರ್ಷಕ್ಕೆ 30,000 ಡಾಲರ್ ಮೀರುತ್ತದೆ. ಒಂದು ಸೆಮಿಸ್ಟರ್ ತಡವಾದರೆ ಏನು ಮಹಾ ಎನ್ನುವ ಮಾತು ನಿಮ್ಮ ಮನೆಯಲ್ಲಿ ನಡೆಯದು: ಪೂರ್ವಸಿದ್ಧತೆ ಕೊರತೆಯಾಗಿ ಹೆಚ್ಚಾಗುವ ಪ್ರತಿ ಅವಧಿಯೂ ಆ ದರದಲ್ಲೇ ಬೀಳುತ್ತದೆ. ಎರಡು ಬಜೆಟ್ ಬರೆದಿಡಿ, ಯುಸಿಗೊಂದು, ಸಿಎಸ್‌ಯುಗೊಂದು. ವಲಸೆ ವಕೀಲರನ್ನು ಈ ಸೆಮಿಸ್ಟರ್‌ನಲ್ಲೇ ಕಾಣಿ.

ಪ್ರವೇಶ ಸಿಕ್ಕ ಮೇಲೆ ಒಂದು ಕೆಲಸ ಉಳಿಯುತ್ತದೆ, ಬಹಳ ಮಂದಿ ಅದನ್ನು ಬಿಟ್ಟುಬಿಡುತ್ತಾರೆ. ಯೂನಿವರ್ಸಿಟಿ ತನ್ನ ವ್ಯವಸ್ಥೆಯಲ್ಲಿ ಡಿಗ್ರಿ ಆಡಿಟ್, ಅಂದರೆ ಪದವಿಗೆ ಏನು ಮುಗಿದಿದೆ, ಏನು ಬಾಕಿ ಎಂಬ ಪಟ್ಟಿ, ತೋರಿಸುತ್ತದೆ. ಅಲ್ಲಿ ಎಲೆಕ್ಟಿವ್ ಎಂಬ ಖಾನೆಯನ್ನು ಮೊದಲು ತೆರೆದು ನೋಡಿ. ಮೇಜರ್ ಕೋರ್ಸ್ ಯಾವುದಾದರೂ ಅಲ್ಲಿ ಬಿದ್ದಿದ್ದರೆ ಅದನ್ನು ಮೇಲೆತ್ತಿಸಲು ಅರ್ಜಿ ಹಾಕಬಹುದು. ಅಸಿಸ್ಟ್‌ನಲ್ಲಿ ಒಪ್ಪಂದ ಇದ್ದರೆ ಆ ವರ್ಷದ ಪುಟ ಸಾಕು. ಇಲ್ಲದಿದ್ದರೆ ಅವಳು ತೆಗೆದುಕೊಂಡ ಅವಧಿಯದೇ ಸಿಲಬಸ್ ಬೇಕು: ವಾರವಾರದ ಪಾಠ, ಪಠ್ಯಪುಸ್ತಕದ ಹೆಸರು ಮತ್ತು ಆವೃತ್ತಿ, ಪ್ರಯೋಗಾಲಯದ ಗಂಟೆಗಳು, ಪ್ರೋಗ್ರಾಮಿಂಗ್ ಆದರೆ ಮಾಡಿದ ಪ್ರಾಜೆಕ್ಟ್‌ಗಳು. ಎರಡು ವರ್ಷ ಬಿಟ್ಟು ಕೇಳಿದರೆ ಆ ಉಪನ್ಯಾಸಕರೇ ಕಾಲೇಜಿನಲ್ಲಿ ಇರದಿರಬಹುದು, ಆದ್ದರಿಂದ 48 ಯೂನಿಟ್‌ಗಳ ಸಿಲಬಸ್‌ಗಳನ್ನೂ ಈಗಲೇ ಒಂದು ಫೋಲ್ಡರ್‌ಗೆ ಹಾಕಿಸಿ. ಅರ್ಜಿ ಹೋಗಬೇಕಾದ್ದು ಮೇಜರ್‌ನ ವಿಭಾಗಕ್ಕೆ. ಪ್ರವೇಶ ಕಚೇರಿಗೆ ಆ ಅಧಿಕಾರವಿಲ್ಲ. ಮೊದಲ ಅವಧಿಯ ನೋಂದಣಿಗೆ ಮುಂಚೆಯೇ ಕಳಿಸಿದರೆ, ಉತ್ತರ ಬರುವವರೆಗೆ ಮುಂದಿನ ಕೋರ್ಸ್‌ಗೆ ತಾತ್ಕಾಲಿಕ ಅನುಮತಿ ಕೊಡಿ ಎಂದು ವಿಭಾಗದ ಸಲಹೆಗಾರರನ್ನು ಕೇಳಲು ಅವಕಾಶವಿರುತ್ತದೆ.